ನಂಚಿಕೊಳ್ಳಲು ಏನು? ಚಟ್ನಿ, ಹಿಂಡಿ, ಹಮ್ಮಸ್, ತಂಬುಳಿಗಳ ಒಂದು ಹೋಲಿಕೆ

ನಮ್ಮ ಮಾವನವರಿಗೆ ಜೋಳದ ರೊಟ್ಟಿ ಜೊತೆ ಅಗಸಿ ಹಿಂಡಿ, ಅಂದರೆ ಅಗಸೆ ಕಾಳಿನ ಚಟ್ನಿಪುಡಿ, ಬೇಕೇ ಬೇಕು. ತಟ್ಟೆಯ ಅಂಚಿಗೆ ಎರಡು ಚಮಚ ಹಿಂಡಿ ಹಾಕಿಕೊಂಡು, ಬೆರಳಿನಿಂದ ನಡುವೆ ಗುಳಿ ಮಾಡಿ, ಅದು ತುಂಬುವ ತನಕ ಶೇಂಗಾ ಎಣ್ಣೆ ಬಿಟ್ಟುಕೊಳ್ಳುತ್ತಾರೆ. ಹೋದ ವರ್ಷ ಅವರ ಕೊಲೆಸ್ಟ್ರಾಲ್ ರಿಪೋರ್ಟ್ ನೋಡಿದ ಡಾಕ್ಟರು ಎಣ್ಣೆ ಕಡಿಮೆ ಮಾಡಿ ಅಂದರು. ಪಲ್ಯಕ್ಕೆ ಎಣ್ಣೆ ಕಡಿಮೆ ಮಾಡಿದೆವು. ಪೂರಿ ಬಿಟ್ಟೆವು. ಹಪ್ಪಳ ಕರಿಯುವ ಬದಲು ಸುಟ್ಟು ಕೊಟ್ಟೆವು. ಹಿಂಡಿಯ ಗುಳಿ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ. ಒಂದು ದಿನ ಅವರು ಹಾಕಿಕೊಳ್ಳುವಷ್ಟೇ ಎಣ್ಣೆಯನ್ನು ಅಳತೆಯ ಚಮಚದಲ್ಲಿ ಅಳೆದು ನೋಡಿದೆ. ಮೂರು ಟೀ ಚಮಚ. ಅಂದರೆ 15 ಮಿಲಿ, ಹೆಚ್ಚುಕಡಿಮೆ 120 ಕ್ಯಾಲೊರಿ, ಅದೂ ಒಂದು ಹೊತ್ತಿಗೆ. ಪಲ್ಯದಲ್ಲಿ ಅವರ ಪಾಲಿಗೆ ಉಳಿಸಿದ್ದಕ್ಕಿಂತ ಇದೇ ಜಾಸ್ತಿ ಇತ್ತು.

ಅವತ್ತಿನಿಂದ ನಮ್ಮ ಮನೆಯ ಚಟ್ನಿ ಬಟ್ಟಲುಗಳನ್ನೆಲ್ಲ ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ. ನಾವು ಸಸ್ಯಾಹಾರಿಗಳು. ಇಡ್ಲಿ, ದೋಸೆ, ಚಪಾತಿ, ಬ್ರೆಡ್ಡು ಹೊಟ್ಟೆ ತುಂಬಿಸುತ್ತವೆ. ಆದರೆ ಬೇಳೆ, ಸೊಪ್ಪು, ತರಕಾರಿ ಎಷ್ಟೋ ದಿನ ತಟ್ಟೆಗೆ ಬರುವುದೇ ಪಕ್ಕದ ಬಟ್ಟಲಿನಿಂದ. ಎಣ್ಣೆ, ಉಪ್ಪು, ಸಕ್ಕರೆ ಗೊತ್ತಾಗದಂತೆ ಒಳಗೆ ಹೋಗುವುದೂ ಅದೇ ಬಟ್ಟಲಿನಿಂದ. ಹಾಗಾಗಿ ಯಾವ ಚಟ್ನಿ, ಯಾವ ಡಿಪ್ ಕಂಡರೂ ನಾನು ಮೊದಲು ಕೇಳಿಕೊಳ್ಳುವುದು ಇದು: ಬಟ್ಟಲಿನ ಮುಕ್ಕಾಲು ಪಾಲು ಏನಿದೆ? ಕಾಯಿಯೋ, ಬೇಳೆಯೋ, ತರಕಾರಿಯೋ, ಮೊಸರೋ, ಇಲ್ಲಾ ಬರೀ ಎಣ್ಣೆಯೋ? ಅದಾದ ಮೇಲೆ, ಇದನ್ನು ನಾವು ನಿಜವಾಗಿ ಎಷ್ಟು ತಿನ್ನುತ್ತೇವೆ ಅಂತ. ಉಪ್ಪಿನಕಾಯಿಯ ಒಂದು ಹೋಳಿಗೂ ಸೌಟಿನಲ್ಲಿ ಸುರಿದುಕೊಳ್ಳುವ ಚಟ್ನಿಗೂ ಒಂದೇ ಅಳತೆ ಆಗಲ್ಲ ಅಲ್ವಾ.

ಇಡ್ಲಿ, ದೋಸೆಗೆ: ಕಾಯಿಯೋ, ಹುರಿಗಡಲೆಯೋ, ಸಿಪ್ಪೆಯೋ?

ನಾನು ಮಲೆನಾಡಿನವಳು. ಕಾಯಿ ಬೇಡ ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಆದರೆ ಲೆಕ್ಕ ಗೊತ್ತಿರಬೇಕು. ಒಂದು ಬಟ್ಟಲು ಹಸಿಕಾಯಿ ತುರಿ ಅಂದರೆ ಸುಮಾರು 80 ಗ್ರಾಂ. ಅದರಲ್ಲಿ 280 ಕ್ಯಾಲೊರಿ, 27 ಗ್ರಾಂ ಕೊಬ್ಬು. ಆ ಕೊಬ್ಬಿನಲ್ಲಿ ಸುಮಾರು 24 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೊಲೆಸ್ಟ್ರಾಲ್ ಏರಿಸುವ ಬಗೆಯದು. ಇದು ದಿನದ ಒಟ್ಟು ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತು ಪಾಲು ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು ಸುಮಾರು 22 ಗ್ರಾಂ. ಒಂದು ಬಟ್ಟಲು ತುರಿಯ ಚಟ್ನಿಯನ್ನು ನಾಲ್ಕು ಜನ ಹಂಚಿಕೊಂಡರೆ ತಲೆಗೆ 6 ಗ್ರಾಂ, ಏನೂ ತೊಂದರೆ ಇಲ್ಲ. ಇಬ್ಬರೇ ಕೂತು ಖಾಲಿ ಮಾಡಿದರೆ ಬೆಳಗಿನ ತಿಂಡಿಗೇ ಅರ್ಧ ದಿನದ ಪಾಲು ಮುಗಿಯಿತು. ಇಷ್ಟಾದರೂ ಪ್ರೋಟೀನ್ ಸಿಗುವುದು ಇಡೀ ಬಟ್ಟಲಿಗೆ ಎರಡೂವರೆ ಗ್ರಾಂ ಅಷ್ಟೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಅರ್ಧ-ಅರ್ಧ. ಅರ್ಧ ಬಟ್ಟಲು ಕಾಯಿ, ಅದರಷ್ಟೇ ತೂಕದ ಹುರಿಗಡಲೆ. ಧಾರವಾಡದ ಕಡೆ ಇದಕ್ಕೆ ಪುಟಾಣಿ ಅಂತಾರೆ. 40 ಗ್ರಾಂ ಹುರಿಗಡಲೆಯಲ್ಲಿ ಹತ್ತಿರ ಹತ್ತಿರ 8 ಗ್ರಾಂ ಪ್ರೋಟೀನ್ ಇದೆ, ಕೊಬ್ಬು ತೀರಾ ಕಡಿಮೆ. ಕಾಯಿಯ ರುಚಿ ಹಾಗೇ ಉಳಿಯುತ್ತದೆ, ಸ್ಯಾಚುರೇಟೆಡ್ ಕೊಬ್ಬು ಅರ್ಧಕ್ಕೆ ಇಳಿಯುತ್ತದೆ. ಮಾಡುವಾಗ ಒಂದು ಮಾತು ನೆನಪಿರಲಿ. ಮೊದಲು ಹುರಿಗಡಲೆಯನ್ನು ಒಣಗಿದ ಜಾರಿನಲ್ಲಿ ಪುಡಿ ಮಾಡಿ, ಆಮೇಲೆ ಕಾಯಿ, ಹಸಿಮೆಣಸು, ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ರುಬ್ಬಿ. ಎಲ್ಲ ಒಟ್ಟಿಗೆ ಹಾಕಿದರೆ ಕಡಲೆ ತರಿತರಿಯಾಗಿ ಉಳಿಯುತ್ತದೆ. ಇಟ್ಟಷ್ಟೂ ಗಟ್ಟಿಯಾಗುತ್ತದೆ, ಅದಕ್ಕೆ ನೀರು ಸ್ವಲ್ಪ ಮುಂದಾಗಿಯೇ ಹಾಕಿಕೊಳ್ಳಿ. ಕಡೆಗೆ ನಿಂಬೆರಸ ಹಿಂಡುವುದನ್ನು ಮರೆಯಬೇಡಿ. ರುಚಿ ಒಂದು ಕಡೆ ಇರಲಿ, ಕಡಲೆ, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ನಿಂಬೆಯ ಸಿ ವಿಟಮಿನ್ ನೆರವಾಗುತ್ತದೆ. ಮಾಂಸ ತಿನ್ನದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇದು ಸಣ್ಣ ವಿಷಯ ಅಲ್ಲ.

ಶೇಂಗಾ ಚಟ್ನಿ? ಒಳ್ಳೆಯದೇ, ಆದರೆ ಹಗುರ ಅಂದುಕೊಳ್ಳಬೇಡಿ. 40 ಗ್ರಾಂ ಶೇಂಗಾದಲ್ಲಿ 10 ಗ್ರಾಂ ಪ್ರೋಟೀನ್ ಜೊತೆಗೆ 20 ಗ್ರಾಂ ಕೊಬ್ಬೂ ಇದೆ, 225 ಕ್ಯಾಲೊರಿ. ಆ ಕೊಬ್ಬಿನ ಬಹುಪಾಲು ಒಳ್ಳೆಯ ಜಾತಿಯದು, ಕಾಯಿಯ ಥರದ್ದಲ್ಲ. ಹೃದಯದ ಚಿಂತೆ ಇರುವವರು ಕಾಯಿಗಿಂತ ಶೇಂಗಾ ಆರಿಸಿಕೊಳ್ಳಬಹುದು. ತೂಕ ಇಳಿಸಬೇಕು ಅನ್ನುವವರು ಇದನ್ನೂ ಸೌಟಿನಲ್ಲಿ ಬಡಿಸಿಕೊಳ್ಳಬಾರದು. ಕಹಿಯಾದ, ಮುದುಡಿದ, ಬೂಸ್ಟು ಹಿಡಿದ ಕಾಳುಗಳನ್ನು ಮಾತ್ರ ಮುಲಾಜಿಲ್ಲದೆ ಎಸೆಯಿರಿ. ಅಂಥ ಕಾಳಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಹೀರೆಕಾಯಿ ಸಿಪ್ಪೆ ಚಟ್ನಿ. ಅಮ್ಮ ಹೀರೆಕಾಯಿಯ ಏಣನ್ನು ಎಂದೂ ಕಸದ ಬುಟ್ಟಿಗೆ ಹಾಕಿದ್ದು ನಾನು ನೋಡಿಲ್ಲ. ಎರಡು ಎಳೆ ಕಾಯಿಯ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಉದ್ದಿನಬೇಳೆ, ಒಣಮೆಣಸು ಹುರಿದು, ಅದೇ ಬಾಣಲೆಗೆ ಸಿಪ್ಪೆ ಹಾಕಿ ಸಣ್ಣ ಉರಿಯಲ್ಲಿ ಬಾಡಿಸಬೇಕು. ಹಸಿ ವಾಸನೆ ಹೋಗಿ ಅಂಚು ಸ್ವಲ್ಪ ಕಂದಿದಾಗ ಇಳಿಸಿ, ಚೂರು ಹುಣಸೆಹಣ್ಣು, ಎರಡೇ ಚಮಚ ಕಾಯಿತುರಿ ಹಾಕಿ ತರಿಯಾಗಿ ರುಬ್ಬಬೇಕು. ಬಟ್ಟಲು ತುಂಬಾ ತರಕಾರಿ, ನಾರು. ಕಾಯಿ ಬರೀ ಪರಿಮಳಕ್ಕೆ. ಸೀಮೆಬದನೆ, ಎಲೆಕೋಸು, ಸುಟ್ಟ ಬದನೆಕಾಯಿ, ಟೊಮೇಟೊ, ಎಲ್ಲದಕ್ಕೂ ಇದೇ ದಾರಿ. ಸಿಪ್ಪೆಯ ಚಟ್ನಿ ಅಂದ ಮೇಲೆ ತರಕಾರಿಯನ್ನು ಸಿಪ್ಪೆ ತೆಗೆಯುವ ಮುಂಚೆಯೇ ಚೆನ್ನಾಗಿ ಉಜ್ಜಿ ತೊಳೆಯಬೇಕು. ದೋಸೆಗೆ ಎರಡು ಸೌಟು ಹಾಕಿಕೊಂಡರೂ ಚಿಂತೆ ಇಲ್ಲದ ಚಟ್ನಿ ಇದೊಂದೇ.

ಯಾವ ಚಟ್ನಿ ಆದರೂ ಒಗ್ಗರಣೆಗೆ ಒಂದು ಟೀ ಚಮಚ ಎಣ್ಣೆ ಸಾಕು. ಸಾಸಿವೆ ಸಿಡಿಯಲು ಅಷ್ಟೇ ಬೇಕು. ಆ ಸಣ್ಣ ಒಗ್ಗರಣೆ ಸೌಟನ್ನು ಓರೆಯಾಗಿ ಹಿಡಿದರೆ ಎಣ್ಣೆ ಒಂದೇ ಕಡೆ ನಿಲ್ಲುತ್ತದೆ, ಸಾಸಿವೆ ಮುಳುಗುತ್ತದೆ.

ರೊಟ್ಟಿ, ಚಪಾತಿಗೆ: ಹಿಂಡಿ ಒಳ್ಳೆಯದೇ, ಮೇಲೆ ಏನು ಸುರಿಯುತ್ತೀರಿ?

ಮದುವೆಯಾಗಿ ಬಂದ ಮೇಲೆ ನಾನು ಕಲಿತ ದೊಡ್ಡ ಪಾಠ ಉತ್ತರ ಕರ್ನಾಟಕದ ಹಿಂಡಿಗಳು. ಅಗಸಿ ಹಿಂಡಿ, ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿ. ಹಳೆ ಮೈಸೂರು ಕಡೆಯವರು ಈ ಗುರೆಳ್ಳನ್ನೇ ಹುಚ್ಚೆಳ್ಳು ಅನ್ನುತ್ತಾರೆ. ಇವುಗಳಲ್ಲಿ ಅಗಸೆಯನ್ನು ಸಸ್ಯಾಹಾರಿಗಳು ಯಾರೂ ಬಿಡಬಾರದು ಎನ್ನುವುದು ನನ್ನ ಗಟ್ಟಿ ನಂಬಿಕೆ. ಮೀನು ತಿನ್ನದ ನಮಗೆ ಒಮೆಗಾ-3 ಕೊಬ್ಬು ಸಿಗುವ ಜಾಗಗಳು ಕೆಲವೇ. ಒಂದು ಟೇಬಲ್ ಚಮಚ ಅಗಸೆ ಪುಡಿಯಲ್ಲಿ, ಅಂದರೆ ಸುಮಾರು 7 ಗ್ರಾಂನಲ್ಲಿ, ಗಿಡಗಳಿಂದ ಸಿಗುವ ಬಗೆಯ ಒಮೆಗಾ-3 ಒಂದೂವರೆ ಗ್ರಾಂ ಮೇಲಿದೆ. ಒಂದು ದಿನಕ್ಕೆ ಸಾಕಾಗುವಷ್ಟು. ಕಾಳನ್ನು ಇಡಿಯಾಗಿ ನುಂಗಿದರೆ ಎಷ್ಟೋ ಪಾಲು ಹಾಗೇ ಹೊರಗೆ ಹೋಗುತ್ತದೆ. ಹುರಿದು ಕುಟ್ಟಿ ತಿನ್ನುವ ಹಿಂಡಿಯೇ ಸರಿಯಾದ ದಾರಿ. ಪುಡಿ ಮಾಡಿದ ಅಗಸೆ ಬೇಗ ಕಮಟು ವಾಸನೆ ಬರುತ್ತದೆ. ತಿಂಗಳಿಗಾಗುವಷ್ಟು ಒಟ್ಟಿಗೆ ಮಾಡಬೇಡಿ. ಹತ್ತು ದಿನಕ್ಕೆ ಸಾಕಾಗುವಷ್ಟು ಕುಟ್ಟಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ.

ಹಾಗಾದರೆ ಎಣ್ಣೆಯ ಬದಲು ಏನು? ಮೊಸರು. ಗಟ್ಟಿ ಮೊಸರಿನಲ್ಲಿ ಹಿಂಡಿ ಕಲಸಿದರೆ ಅರ್ಧ ಬಟ್ಟಲಿಗೆ 60 ಕ್ಯಾಲೊರಿ, 3 ಗ್ರಾಂ ಪ್ರೋಟೀನ್. ಜೊತೆಗೆ ಒಂದಿಷ್ಟು ಬಿ12. ಈ ವಿಟಮಿನ್ ಸಸ್ಯಗಳಲ್ಲಿ ನೆಚ್ಚಿಕೊಳ್ಳುವಷ್ಟು ಇಲ್ಲ, ನಮಗೆ ಹಾಲು ಮೊಸರೇ ಗತಿ. ಆದರೆ ಮಾವನವರು ಮೊದಲ ದಿನವೇ ತಟ್ಟೆ ನೋಡಿ, “ಮೊಸರು ಹಾಕಿದ್ರ ಹಿಂಡಿ ಸಪ್ಪಗ ಆಗ್ತದವಾ” ಅಂದರು. ಅವರ ಮಾತು ಸುಳ್ಳಲ್ಲ. ಮೊಸರು ಖಾರವನ್ನೂ ಬೆಳ್ಳುಳ್ಳಿಯ ಘಾಟನ್ನೂ ತಗ್ಗಿಸುತ್ತದೆ. ಮರುದಿನ ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಜಜ್ಜಿದ ಒಂದು ಎಸಳು ಹಸಿ ಬೆಳ್ಳುಳ್ಳಿ ಸೇರಿಸಿ, ಮೇಲೆ ಒಂದೇ ಒಂದು ಟೀ ಚಮಚ ಶೇಂಗಾ ಎಣ್ಣೆ ಬಿಟ್ಟೆ. ಎಣ್ಣೆಯ ಪರಿಮಳ ಮೇಲೇ ಇರುವುದರಿಂದ ಮೊದಲ ತುತ್ತಿಗೇ ಮೂಗಿಗೆ ಬರುತ್ತದೆ. ಮಾತಾಡದೆ ಎರಡನೇ ರೊಟ್ಟಿ ಕೇಳಿದರು. ಮೂರು ಚಮಚ ಒಂದಕ್ಕೆ ಇಳಿಯಿತು, ಎಣ್ಣೆಯ ಲೆಕ್ಕದಲ್ಲಿ ಹೊತ್ತಿಗೆ 80 ಕ್ಯಾಲೊರಿ ಉಳಿಯಿತು.

ಬೆಂಗಳೂರು, ಮೈಸೂರು ಕಡೆ ಚಟ್ನಿಪುಡಿಗೆ ತುಪ್ಪ ಹಾಕುವವರಿಗೂ ಇದೇ ಮಾತು. ಒಂದು ಟೀ ಚಮಚ ತುಪ್ಪ 45 ಕ್ಯಾಲೊರಿ. ಅಳತೆಯಲ್ಲಿ ತಿಂದರೆ ತುಪ್ಪ ಶತ್ರು ಅಲ್ಲ. ಅಂದಾಜಿನಲ್ಲಿ ಸುರಿದರೆ ಎಲ್ಲವೂ ಜಾಸ್ತಿಯೇ.

ಉಪ್ಪಿನಕಾಯಿ, ಕೆಂಪು ಮೆಣಸಿನಕಾಯಿ ರುಬ್ಬಿ ಮಾಡುವ ರಂಜಕದ ಲೆಕ್ಕ ಬೇರೆ. ಅಲ್ಲಿ ನೋಡಬೇಕಾದ್ದು ಉಪ್ಪು. ಮಾವಿನಕಾಯಿ ಉಪ್ಪಿನಕಾಯಿಗೆ 1 ಕೆಜಿ ಹೋಳಿಗೆ 150ರಿಂದ 200 ಗ್ರಾಂ ಉಪ್ಪು ಹಾಕುತ್ತೇವೆ, ಇಲ್ಲದಿದ್ದರೆ ಕೆಡುತ್ತದೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅದು ಸಾರು, ಪಲ್ಯ, ಬಿಸ್ಕತ್ತು ಎಲ್ಲ ಸೇರಿ. ಬಿ.ಪಿ. ಇರುವವರು ದಿನಾ ಎರಡು ಹೊತ್ತು ಉಪ್ಪಿನಕಾಯಿ ತಿನ್ನುವುದು ಬೇಡ. ಹುಳಿ ಖಾರದ ಆಸೆಯಾದರೆ ಮಾವಿನಕಾಯಿ, ನೆಲ್ಲಿಕಾಯಿಯನ್ನು ಆಗಲೇ ತುರಿದು, ಚಿಟಿಕೆ ಉಪ್ಪು, ಮೆಣಸಿನಪುಡಿ ಹಾಕಿ, ಇಂಗಿನ ಒಗ್ಗರಣೆ ಕೊಟ್ಟು ಅವತ್ತೇ ಮುಗಿಸಿ. ಹುಳಿ ಮುಂದಾದರೆ ನಾಲಿಗೆ ಉಪ್ಪನ್ನು ಅಷ್ಟಾಗಿ ಕೇಳುವುದಿಲ್ಲ.

ಬ್ರೆಡ್ಡಿಗೆ ಹಚ್ಚಲು

ಮಕ್ಕಳ ಡಬ್ಬಿಗೆ ಬೆಳಿಗ್ಗೆ ಏಳು ಗಂಟೆಯ ಧಾವಂತದಲ್ಲಿ ಕೈಗೆ ಸಿಗುವುದೇ ಬೆಣ್ಣೆ, ಜಾಮು. ಒಂದು ಟೇಬಲ್ ಚಮಚ ಬೆಣ್ಣೆಯಲ್ಲಿ 100 ಕ್ಯಾಲೊರಿ, 7 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ಪ್ರೋಟೀನ್ ಇಲ್ಲವೇ ಇಲ್ಲ ಅನ್ನಬಹುದು. ಅಷ್ಟೇ ಪೀನಟ್ ಬಟರ್ ಹಚ್ಚಿದರೆ ಕ್ಯಾಲೊರಿ ಹತ್ತಿರ ಹತ್ತಿರ ಅಷ್ಟೇ, ಆದರೆ ಪ್ರೋಟೀನ್ ಮೂರೂವರೆ ಗ್ರಾಂ, ಸ್ಯಾಚುರೇಟೆಡ್ ಕೊಬ್ಬು ಎರಡು ಗ್ರಾಂಗಿಂತ ಕಡಿಮೆ. ಹಾಗಾಗಿ ಇವೆರಡರಲ್ಲಿ ನನ್ನ ಆಯ್ಕೆ ಪೀನಟ್ ಬಟರ್. ಕೊಳ್ಳುವಾಗ ಡಬ್ಬಿಯ ಹಿಂದೆ ಓದಿ. ಪದಾರ್ಥಗಳ ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದು ಮೊದಲು ಬರುತ್ತದೆ. ಶೇಂಗಾ, ಹೆಚ್ಚೆಂದರೆ ಚೂರು ಉಪ್ಪು, ಇಷ್ಟೇ ಇದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಅಂಥದ್ದರಲ್ಲಿ ಎಣ್ಣೆ ಮೇಲೆ ತೇಲುತ್ತದೆ, ಅದು ಕೆಟ್ಟಿದ್ದಲ್ಲ. ಚಮಚದಿಂದ ಕಲಸಿ ಬಳಸಿ. ಮನೆಯಲ್ಲೂ ಕಷ್ಟ ಇಲ್ಲ. ಹುರಿದ ಶೇಂಗಾ ಸಿಪ್ಪೆ ತೆಗೆದು ಮಿಕ್ಸಿಗೆ ಹಾಕಿ, ನಡುನಡುವೆ ನಿಲ್ಲಿಸಿ ಅಂಚು ಕೆರೆದು ತಿರುಗಿಸುತ್ತಾ ಇದ್ದರೆ ಮೊದಲು ಪುಡಿ, ಆಮೇಲೆ ಮುದ್ದೆ, ಕಡೆಗೆ ತನ್ನ ಎಣ್ಣೆಯಲ್ಲೇ ನುಣ್ಣಗಾಗುತ್ತದೆ. ಎಣ್ಣೆ ಹಾಕುವ ಅಗತ್ಯವೇ ಬರುವುದಿಲ್ಲ.

ಜಾಮಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಚಾಕೊಲೇಟ್ ಸ್ಪ್ರೆಡ್ಡೂ ಹಾಗೇ. ಸಿಹಿ ಬೇಕು ಅಂತ ಮಗು ಹಟ ಮಾಡಿದರೆ ಪೀನಟ್ ಬಟರ್ ಮೇಲೆ ಬಾಳೆಹಣ್ಣಿನ ಬಿಲ್ಲೆ ಇಡಿ.

ಮೊಟ್ಟೆ ಇಲ್ಲದ ಮೆಯೊನೀಸ್ ಅಂದ ಕೂಡಲೇ ಅದು ಆರೋಗ್ಯಕ್ಕೆ ಒಳ್ಳೆಯದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಸಿರು ಚುಕ್ಕೆ ಹೇಳುವುದು ಅದು ಸಸ್ಯಾಹಾರ ಅನ್ನುವುದನ್ನು ಮಾತ್ರ. ಅದರ ಮೈಯೇ ಎಣ್ಣೆ. ಮೇಲಿಂದ ಸಕ್ಕರೆ, ಉಪ್ಪು, ಪಿಷ್ಟ. ಸ್ಯಾಂಡ್‌ವಿಚ್ಚಿಗೆ ಬಿಳಿಯಾಗಿ, ನುಣ್ಣಗೆ ಏನಾದರೂ ಬೇಕೇ ಬೇಕು ಅಂದರೆ ಮೊಸರನ್ನು ಕಟ್ಟಿ ನೇತುಹಾಕಿ. ಅರ್ಧ ಲೀಟರ್ ಗಟ್ಟಿ ಮೊಸರನ್ನು ತೆಳು ಪಂಚೆ ಬಟ್ಟೆಯಲ್ಲಿ ಗಂಟು ಹಾಕಿ ನಾಲ್ಕು ಗಂಟೆ ಬಿಟ್ಟರೆ ಬೆಣ್ಣೆಯಂತೆ ಮೃದುವಾದ ಗಡ್ಡೆ ಉಳಿಯುತ್ತದೆ. ಬೇಸಿಗೆಯಲ್ಲಿ ಫ್ರಿಜ್ಜಿನೊಳಗೇ ಜರಡಿಯ ಮೇಲಿಡಿ, ಹೊರಗಿಟ್ಟರೆ ಹುಳಿಯಾಗುತ್ತದೆ. ಕಾಳುಮೆಣಸು, ಚೂರು ಬೆಳ್ಳುಳ್ಳಿ, ನೀರು ಹಿಂಡಿದ ಸೌತೆಕಾಯಿ ತುರಿ ಸೇರಿಸಿ. ಇಳಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಬರುತ್ತದೆ.

ಸಂಜೆ ಅದ್ದಿಕೊಂಡು ತಿನ್ನಲು

ಹಮ್ಮಸ್ ಈಗ ಬೆಂಗಳೂರಿನ ಅಂಗಡಿಗಳಲ್ಲಿ ಮಾಮೂಲಿ. ಅರಬ್ಬಿಯಲ್ಲಿ ಆ ಪದಕ್ಕೆ ಕಡಲೆ ಅಂತಲೇ ಅರ್ಥ. ಬೆಂದ ಕಾಬೂಲಿ ಕಡಲೆ, ಎಳ್ಳು, ನಿಂಬೆ, ಬೆಳ್ಳುಳ್ಳಿ. ಯೋಚಿಸಿ ನೋಡಿದರೆ ಮೆಣಸಿನಕಾಯಿ ಇಲ್ಲದ ಕಡಲೆ ಚಟ್ನಿಯೇ ಅಲ್ವಾ. 100 ಗ್ರಾಂ ಬೆಂದ ಕಡಲೆಯಲ್ಲಿ 9 ಗ್ರಾಂ ಪ್ರೋಟೀನ್, 7 ಗ್ರಾಂ ಮೇಲೆ ನಾರು. ಅಂಗಡಿಯ ಡಬ್ಬಿಗಳಲ್ಲಿ ಎಣ್ಣೆ, ಉಪ್ಪು ಎರಡೂ ಜಾಸ್ತಿ. ಮನೆಯಲ್ಲಿ ಮಾಡಿದರೆ ಎಣ್ಣೆಯ ಬಹುಪಾಲನ್ನು ಕಡಲೆ ಬೆಂದ ನೀರಿಗೆ ಬದಲಾಯಿಸಬಹುದು. ನುಣುಪು ಕಡಿಮೆಯಾಗುವುದಿಲ್ಲ, ಆದರೆ ಕಡಲೆ ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೆಂದಿರಬೇಕು. ಎಳ್ಳನ್ನು ಸಿಪ್ಪೆ ಸಮೇತ ಹುರಿದು ಹಾಕಿ. ಎಳ್ಳಿನ ಸುಣ್ಣದ ಅಂಶ ಇರುವುದು ಬಹುಪಾಲು ಸಿಪ್ಪೆಯಲ್ಲೇ.

ಬೆಣ್ಣೆಹಣ್ಣು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಬರುತ್ತದೆ. ನಮ್ಮಲ್ಲಿ ಅದಕ್ಕೆ ಹಾಲು, ಸಕ್ಕರೆ ಹಾಕಿ ಜ್ಯೂಸ್ ಮಾಡುವುದೇ ರೂಢಿ. ಅದರ ಬದಲು ಉಳ್ಳಾಗಡ್ಡಿ, ಹಸಿಮೆಣಸು, ನಿಂಬೆರಸ ಹಾಕಿ ಕಿವುಚಿದರೆ ಸೊಗಸಾದ ಡಿಪ್. ಕೊಬ್ಬು ಇದೆ, ಒಳ್ಳೆಯ ಕೊಬ್ಬು. ನಾರೂ ಚೆನ್ನಾಗಿದೆ. ಹಣ್ಣಿನ ಕಾಲದಲ್ಲಿ ಮಾಡಿ, ದುಬಾರಿ ಇದ್ದಾಗ ಬಿಡಿ.

ಇಲ್ಲಿ ಬಟ್ಟಲಿಗಿಂತ ಮುಖ್ಯವಾದದ್ದು ಅದ್ದುವ ವಸ್ತು. ಹಮ್ಮಸ್ ಎಷ್ಟೇ ಒಳ್ಳೆಯದಾದರೂ ಆಲೂ ಚಿಪ್ಸ್ ಜೊತೆ ತಿಂದರೆ ಲೆಕ್ಕ ತಲೆಕೆಳಗು. 100 ಗ್ರಾಂ ಚಿಪ್ಸಿಗೆ 500 ಕ್ಯಾಲೊರಿ ಮೇಲೆ, 100 ಗ್ರಾಂ ಸೌತೆಕಾಯಿಗೆ 15. ಗಜ್ಜರಿ, ಮೂಲಂಗಿ, ನವಿಲುಕೋಸನ್ನು ಬೆರಳುದ್ದ ಸೀಳಿ ತಣ್ಣೀರಿನಲ್ಲಿಟ್ಟರೆ ಕರಕರ ಅನ್ನುತ್ತವೆ. ಬರೀ ತರಕಾರಿಗೆ ಮಕ್ಕಳು ಒಪ್ಪದಿದ್ದರೆ ಕಟಕ ರೊಟ್ಟಿ ಮುರಿದು ಕೊಡಿ. ನಮ್ಮ ಮನೆಯಲ್ಲಿ ಹಮ್ಮಸ್ಸಿಗೆ ಅದೇ ಜೋಡಿ.

ಅನ್ನಕ್ಕೆ, ಮತ್ತು ದೂರದಲ್ಲಿರುವವರಿಗೆ

ತಂಗಿ ಅಮೆರಿಕದಲ್ಲಿದ್ದಾಳೆ. ಅಂಗಡಿಯ ಡಿಪ್ ಕಪಾಟಿನ ಮುಂದೆ ನಿಂತು ಫೋನ್ ಮಾಡಿ, “ಅಕ್ಕಾ, ಇದರಲ್ಲಿ ಯಾವುದು ತಗೊಳ್ಳಲಿ” ಅಂತ ಕೇಳುತ್ತಾಳೆ. ಅಲ್ಲಿ ನಮ್ಮ ಹಾಗೆ ಹಸಿರು ಚುಕ್ಕೆ ಕಡ್ಡಾಯ ಇಲ್ಲ. ಸೀಸರ್ ಡ್ರೆಸಿಂಗ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಅನ್ನುವ ಸಣ್ಣ ಮೀನು ಇರುತ್ತದೆ, ವುಸ್ಟರ್‌ಶೈರ್ ಸಾಸಿನಲ್ಲೂ ಅದೇ. ಪೆಸ್ಟೊಗೆ ಹಾಕುವ ಇಟಲಿಯ ಪಾರ್ಮಿಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಲ್ಲಿ ಹೆಪ್ಪು ಹಾಕುತ್ತಾರೆ. ಪೆಸ್ಟೊ ಮಾಡುವುದು ತುಳಸಿಯ ಥರದ ಸೊಪ್ಪಿನಲ್ಲಿ, ಆದರೂ ನಮಗೆ ಆಗದು. ಹಮ್ಮಸ್, ಸಾಲ್ಸಾ, ಬೆಣ್ಣೆಹಣ್ಣಿನ ಗ್ವಾಕಮೋಲೆ ಸಾಮಾನ್ಯವಾಗಿ ನಡೆಯುತ್ತವೆ, ಪಟ್ಟಿ ಒಮ್ಮೆ ಓದಿಕೊಂಡರೆ ಸಾಕು. ಸಾಲ್ಸಾದಲ್ಲಿ ಬರೀ ಟೊಮೇಟೊ, ಉಳ್ಳಾಗಡ್ಡಿ, ಮೆಣಸಿನಕಾಯಿ. ಆ ಕಪಾಟಿನಲ್ಲಿ ಹಗುರದಲ್ಲಿ ಅದೇ ಮುಂದು, ಉಪ್ಪು ಮಾತ್ರ ನೋಡಿಕೊಳ್ಳಬೇಕು.

ಆದರೆ ಅವಳಿಗೆ ನಿಜಕ್ಕೂ ಬೇಕಾಗಿದ್ದು ಅಮ್ಮನ ಕೈಯ ದೊಡ್ಡಪತ್ರೆ ತಂಬುಳಿ. ನಾನು ಹೋಲಿಸಿದ ಎಲ್ಲದರಲ್ಲೂ ಹಗುರ ಇದೇ. ಹತ್ತು ಹನ್ನೆರಡು ಎಲೆಯನ್ನು ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಎರಡು ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಯಲ್ಲಿ ಕದಡಿದರೆ ಆಯಿತು. ಕುದಿಸುವ ಹಾಗಿಲ್ಲ. ಒಂದೆಲಗ, ಮೆಂತ್ಯ, ಶುಂಠಿ, ದಾಳಿಂಬೆ ಸಿಪ್ಪೆ, ಯಾವುದರಲ್ಲಾದರೂ ಮಾಡಬಹುದು. ಅನ್ನಕ್ಕೆ ಕಲಸಿಕೊಂಡು, ಉಳಿದದ್ದನ್ನು ಲೋಟದಲ್ಲಿ ಕುಡಿದರೂ ಹೊಟ್ಟೆ ತಣ್ಣಗಿರುತ್ತದೆ.

ಅಲ್ಲಿ ದೊಡ್ಡಪತ್ರೆ ಎಲ್ಲಿ ಸಿಗುತ್ತದೆ ಅಂತ ಅವಳ ಚಿಂತೆ. ಹುಡುಕಿದೆ. ಅಲ್ಲಿನ ನರ್ಸರಿಗಳಲ್ಲಿ ಅದೇ ಗಿಡವನ್ನು ಕ್ಯೂಬನ್ ಒರೆಗಾನೊ ಅನ್ನುವ ಹೆಸರಿನಲ್ಲಿ ಮಾರುತ್ತಾರೆ. ಒಂದು ಸಣ್ಣ ಕುಂಡ ತಂದಿದ್ದಾಳೆ. ಟೊಂಗೆ ಮುರಿದು ಚುಚ್ಚಿದರೆ ಬೇರು ಬಿಡುವ ಗಿಡ ಅದು, ಚಳಿ ಮಾತ್ರ ತಡೆಯುವುದಿಲ್ಲ. ಈಗ ಅಡುಗೆಮನೆ ಕಿಟಕಿಯ ಬಳಿ ಮೂರು ಕುಂಡಗಳಾಗಿವೆ.